ಅಂಗಾಂಶದೊಳಗಿನ ಕೋಶಗಳ ನಕ್ಷೆ: ಮಲ್ಟಿಪ್ಲೆಕ್ಸ್ ಮೈಕ್ರೋಸ್ಕೋಪಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಪೆಥಾಲಜಿ ತರಗತಿಗಳಲ್ಲಿ, ಬಾಗಲಕೋಟೆ ಮತ್ತು ವಿಜಯಪುರದ ವಿದ್ಯಾರ್ಥಿಗಳೂ ಲ್ಯಾಬ್ ತಂತ್ರಜ್ಞರೂ ಬರೆಯುವ ಪತ್ರಗಳಲ್ಲಿ, ರೋಗಿಗಳ ಮನೆಯವರೊಡನೆ ಆಡುವ ಮಾತುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು ಬರುತ್ತವೆ, ಸಂಶೋಧನೆಗೆ ಇಳಿದವರ ಪ್ರಶ್ನೆಗಳು ಕೊನೆಗೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪರಿಚಯ

ಮಲ್ಟಿಪ್ಲೆಕ್ಸ್ ಮೈಕ್ರೋಸ್ಕೋಪಿ ಅಂದರೆ ಏನು? ಮಾಮೂಲಿ ಬಯಾಪ್ಸಿ ಪರೀಕ್ಷೆಗಿಂತ ಅದು ಹೇಗೆ ಬೇರೆ?

ಮಾಮೂಲಿ ಬಯಾಪ್ಸಿಯಲ್ಲಿ ದೇಹದಿಂದ ತೆಗೆದ ಚೂರನ್ನು ಫಾರ್ಮಲಿನ್‌ನಲ್ಲಿ ಕೆಡದಂತೆ ಇರಿಸಿ, ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್ ಯಂತ್ರದಿಂದ 4-5 ಮೈಕ್ರೋಮೀಟರ್ ದಪ್ಪದ ಪದರಗಳಾಗಿ ಕತ್ತರಿಸಿ, ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಎಂಬ ಎರಡು ಬಣ್ಣ ಹಾಕುತ್ತಾರೆ. ಕೋಶಕೇಂದ್ರಗಳು ನೀಲಿ-ನೇರಳೆಯಾಗಿಯೂ ಉಳಿದ ಭಾಗ ಗುಲಾಬಿಯಾಗಿಯೂ ಕಾಣುತ್ತವೆ. ಪಳಗಿದ ಪೆಥಾಲಜಿಸ್ಟ್ ಈ ಎರಡೇ ಬಣ್ಣಗಳಿಂದ ಕ್ಯಾನ್ಸರ್ ಇದೆಯೇ ಇಲ್ಲವೇ, ಇದ್ದರೆ ಯಾವ ಬಗೆಯದು, ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನೆಲ್ಲ ಹೇಳಬಲ್ಲರು. ಆದರೆ ಗಡ್ಡೆಯ ಅಂಚಿನಲ್ಲಿ ಲಿಂಫೋಸೈಟ್ ಎಂಬ ಸಣ್ಣ ದುಂಡನೆಯ ಬಿಳಿ ರಕ್ತಕಣ ಒಂದು ಕಂಡರೆ ಅದು ಟಿ ಕೋಶವೋ ಬಿ ಕೋಶವೋ, ಟಿ ಕೋಶವಾದರೆ ಕ್ಯಾನ್ಸರ್ ಕೋಶವನ್ನು ಕೊಲ್ಲುವ ಬಗೆಯದೋ ಆ ಕೊಲ್ಲುವಿಕೆಗೆ ತಡೆ ಹಾಕುವ ಬಗೆಯದೋ ಎಂಬುದು ಈ ಬಣ್ಣಗಳಿಗೆ ಕಾಣದು. ಆ ವ್ಯತ್ಯಾಸ ಇರುವುದು ಕೋಶ ಹೊತ್ತಿರುವ ಪ್ರೋಟೀನ್‌ಗಳಲ್ಲಿ.

ಒಂದು ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಕ್ಕೆ (ಆಂಟಿಬಾಡಿ) ಹೊಳೆಯುವ ಬಣ್ಣ ಕಟ್ಟಿ ಅಂಗಾಂಶದ ಮೇಲೆ ಹಾಕಿದರೆ ಆ ಪ್ರೋಟೀನ್ ಇರುವಲ್ಲೆಲ್ಲ ಬೆಳಕು ಕಾಣುತ್ತದೆ. ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು 1941ರಲ್ಲಿ ಆರಂಭಿಸಿದ ಈ ವಿಧಾನದಲ್ಲಿ ಬಹುಕಾಲ ಒಂದು ಸ್ಲೈಡಿನಲ್ಲಿ ಒಂದೆರಡು ಪ್ರೋಟೀನ್‌ಗಳನ್ನಷ್ಟೇ ನೋಡಲಾಗುತ್ತಿತ್ತು. ಒಂದೇ ಪದರದಲ್ಲಿ, ಅವೇ ಕೋಶಗಳಲ್ಲಿ, ಇಪ್ಪತ್ತು, ನಲವತ್ತು, ಕೆಲವೊಮ್ಮೆ ಅರವತ್ತು ಪ್ರೋಟೀನ್‌ಗಳನ್ನು ಅವು ಇರುವ ಜಾಗದಲ್ಲೇ ಅಳೆಯುವುದು ಮಲ್ಟಿಪ್ಲೆಕ್ಸ್ ಮೈಕ್ರೋಸ್ಕೋಪಿ.

ಕೋಶಗಳನ್ನು ಬಿಡಿಸಿ ಯಂತ್ರದಲ್ಲಿ ಎಣಿಸಿದರೆ ಸಾಲದೇ? ಅವು ಎಲ್ಲಿವೆ ಎಂಬುದು ಯಾಕೆ ಅಷ್ಟು ಮುಖ್ಯ?

ಫ್ಲೋ ಸೈಟೋಮೆಟ್ರಿಯಂಥ ವಿಧಾನಗಳಲ್ಲಿ ಅಂಗಾಂಶವನ್ನು ಕಿಣ್ವಗಳಿಂದ ಬಿಡಿಸಿ, ಒಂದೊಂದೇ ಕೋಶವನ್ನು ಎಣಿಸಿ, ಯಾವ ಬಗೆಯ ಕೋಶ ಶೇಕಡಾ ಎಷ್ಟಿದೆ ಎಂದು ನಿಖರವಾಗಿ ಹೇಳಬಹುದು. ರಕ್ತದ ಕ್ಯಾನ್ಸರಿಗೆ ಅದು ಬಹಳ ಉಪಯುಕ್ತ. ಗಟ್ಟಿ ಅಂಗಾಂಶದ ಮಾತು ಬೇರೆ. ಇಳಕಲ್ ಸೀರೆಯೊಂದರ ನೂಲನ್ನೆಲ್ಲ ಬಿಚ್ಚಿ ಬಣ್ಣಬಣ್ಣವಾಗಿ ವಿಂಗಡಿಸಿ ತೂಗಿದರೆ ಕೆಂಪು ನೂಲು ಎಷ್ಟು, ಬಿಳಿ ಎಷ್ಟು ಎಂಬುದು ತಿಳಿಯುತ್ತದೆ, ಸೆರಗು ಯಾವುದು, ಒಡಲು ಯಾವುದು, ಎರಡನ್ನೂ ಎಲ್ಲಿ ಜೋಡಿಸಿದ್ದರು ಎಂಬುದು ಮಾತ್ರ ಮತ್ತೆಂದೂ ತಿಳಿಯದು.

ಈ ಜೋಡಣೆಗೂ ರೋಗದ ಗತಿಗೂ ಸಂಬಂಧವಿದೆ ಎಂಬುದಕ್ಕೆ ಸ್ತನ ಕ್ಯಾನ್ಸರಿನ ಒಂದು ಅಧ್ಯಯನವನ್ನು ನೋಡಬಹುದು. ಟ್ರಿಪಲ್ ನೆಗೆಟಿವ್ ಎಂಬ ಉಗ್ರ ಬಗೆಯ ಸ್ತನ ಕ್ಯಾನ್ಸರ್ ಇದ್ದ 41 ರೋಗಿಗಳ ಗಡ್ಡೆಗಳಲ್ಲಿ 36 ಪ್ರೋಟೀನ್‌ಗಳನ್ನು ಒಟ್ಟಿಗೆ ಅಳೆದು 2018ರಲ್ಲಿ ಪ್ರಕಟಿಸಿದ ಆ ಕೆಲಸದಲ್ಲಿ, ಕೆಲವು ಗಡ್ಡೆಗಳಲ್ಲಿ ರೋಗನಿರೋಧಕ ಕೋಶಗಳು ಕ್ಯಾನ್ಸರ್ ಕೋಶಗಳೊಳಗೆ ಬೆರೆತುಹೋಗಿದ್ದವು, ಇನ್ನು ಕೆಲವುಗಳಲ್ಲಿ ಎರಡೂ ಬೇರೆ ಬೇರೆ ವಲಯಗಳಾಗಿ ಗಡಿ ಹಾಕಿಕೊಂಡು ನಿಂತಿದ್ದವು. ಗಡಿ ಸ್ಪಷ್ಟವಾಗಿದ್ದ ರೋಗಿಗಳು ಹೆಚ್ಚು ಕಾಲ ಬದುಕಿದ್ದರು. ಬರಿಯ ಎಣಿಕೆಯಿಂದ ಈ ವ್ಯತ್ಯಾಸ ಹೊರಬೀಳುತ್ತಿರಲಿಲ್ಲ.

ನಮ್ಮ ಅಪ್ಪಾರಿಗೆ ಬಾಯಿ ಕ್ಯಾನ್ಸರ್ ಆಗೇತ್ರಿ. ಈ ಪರೀಕ್ಷಾ ಮಾಡಿಸಿದ್ರ ಏನರ ಉಪಯೋಗ ಆಗತೈತೇನ್ರಿ?

ಈ ಪ್ರಶ್ನೆ ಬಂದಾಗಲೆಲ್ಲ ನೇರವಾಗಿಯೇ ಉತ್ತರಿಸುತ್ತೇನೆ: ಇವತ್ತಿನ ಚಿಕಿತ್ಸೆಗೆ ಈ ಪರೀಕ್ಷೆ ಬೇಕಾಗಿಲ್ಲ, ಇದಕ್ಕಾಗಿ ಕಾಯುತ್ತ ಚಿಕಿತ್ಸೆಯನ್ನು ಒಂದು ದಿನವೂ ಮುಂದೂಡಬಾರದು. ಬಾಯಿ ಕ್ಯಾನ್ಸರಿನ ಚಿಕಿತ್ಸೆ ನಿರ್ಧಾರವಾಗುವುದು ಮಾಮೂಲಿ ಬಯಾಪ್ಸಿ, ಸ್ಕ್ಯಾನ್, ಕುತ್ತಿಗೆಯ ದುಗ್ಧಗ್ರಂಥಿಗಳ ಸ್ಥಿತಿ, ರೋಗಿಯ ಒಟ್ಟು ಆರೋಗ್ಯ ಇವುಗಳಿಂದ. ರೋಗ ಮರುಕಳಿಸಿದವರಿಗೂ ಹರಡಿದವರಿಗೂ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಹೂಡುವ ಚಿಕಿತ್ಸೆ) ಕೊಡುವ ಮುನ್ನ ಪಿಡಿ-ಎಲ್1 ಎಂಬ ಒಂದೇ ಪ್ರೋಟೀನಿನ ಪರೀಕ್ಷೆ ಮಾಡಿಸಬಹುದು, ಅದು ಬೇರೆ ಪರೀಕ್ಷೆ.

ಆದರೂ ಈ ಸಂಶೋಧನೆ ನಮ್ಮ ಭಾಗಕ್ಕೆ ದೂರದ್ದಲ್ಲ. ಬಾಯಿ ಕ್ಯಾನ್ಸರ್ ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್‌ಗಳಲ್ಲಿ ಒಂದು, ನಿಪ್ಪಾಣಿಯ ಸುತ್ತ ತಂಬಾಕು ಬೆಳೆಯುವ, ಗುಟಕಾ ಮತ್ತು ಅಡಿಕೆ ಎಲ್ಲೆಡೆ ಸಿಗುವ ನಮ್ಮ ಜಿಲ್ಲೆಗಳಲ್ಲಿ ಅದನ್ನು ಕಾಣದ ಆಸ್ಪತ್ರೆಯಿಲ್ಲ. ಇಮ್ಯುನೋಥೆರಪಿ ಯಾರಿಗೆ ಫಲಿಸುತ್ತದೆ ಎಂದು ಮುಂಚಿತವಾಗಿ ಹೇಳಲು ಹಲವು ಗುರುತುಗಳನ್ನು, ಅಂದರೆ ಕೋಶದ ಬಗೆಯನ್ನೋ ಸ್ಥಿತಿಯನ್ನೋ ತೋರಿಸುವ ಪ್ರೋಟೀನ್‌ಗಳನ್ನು, ಒಟ್ಟಿಗೆ ನೋಡುವ ವಿಧಾನಗಳು ಪಿಡಿ-ಎಲ್1 ಒಂದನ್ನೇ ನೋಡುವುದಕ್ಕಿಂತ ಮೇಲು ಎಂದು, ಹಲವು ಬಗೆಯ ಕ್ಯಾನ್ಸರ್‌ಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯೊಂದು ತೋರಿಸಿದೆ. ಆಸ್ಪತ್ರೆಯ ಕಾಗದದ ಮೇಲೆ ಬರುವ ವರದಿಯಾಗಲು ಅದಿನ್ನೂ ಪಕ್ವವಾಗಬೇಕು. ತಂದೆಯವರ ಉಳಿಕೆ ಮಾದರಿಯನ್ನು ಸಂಶೋಧನೆಗೆ ಕೊಡುವಿರಾ ಎಂದು ಯಾರಾದರೂ ಕೇಳಿದರೆ, ಅದರಿಂದ ಅವರ ಚಿಕಿತ್ಸೆಗೆ ತೊಂದರೆಯಿಲ್ಲ ಎಂಬುದನ್ನು ಕೇಳಿ ಖಚಿತಪಡಿಸಿಕೊಂಡು ತೀರ್ಮಾನಿಸಿ. ಒಲ್ಲೆ ಎನ್ನುವ ಹಕ್ಕೂ ನಿಮಗಿದೆ.

## ಕೆಲಸ ನಡೆಯುವ ಬಗೆ

ಬಣ್ಣಗಳು ಎಷ್ಟೊಂದು ಇವೆಯಲ್ಲ, ನಲವತ್ತು ಬಣ್ಣಗಳನ್ನು ಒಂದೇ ಸಲ ಹಾಕಿ ನೋಡಬಾರದೇ?

ಪ್ರತಿದೀಪ್ತಿ ಬಣ್ಣಗಳು ಒಂದು ತರಂಗದೂರದ ಬೆಳಕನ್ನು ಹೀರಿ, ಅದಕ್ಕಿಂತ ಉದ್ದ ತರಂಗದೂರದ ಬೆಳಕನ್ನು ಹೊರಸೂಸುತ್ತವೆ. ಹೊರಸೂಸಿದ ಬೆಳಕು ಒಂದು ಚೂಪಾದ ಗೆರೆಯಾಗಿರದೆ ಹತ್ತಾರು ನ್ಯಾನೋಮೀಟರ್ ಅಗಲಕ್ಕೆ ಹರಡಿರುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ವ್ಯಾಪ್ತಿಯೇ ಸುಮಾರು 400ರಿಂದ 700 ನ್ಯಾನೋಮೀಟರ್. ಅಷ್ಟರಲ್ಲಿ ನಾಲ್ಕೈದು ಬಣ್ಣ ಕೂಡಿಸುವ ಹೊತ್ತಿಗೆ ಒಂದರ ಅಂಚು ಇನ್ನೊಂದರೊಳಗೆ ನುಗ್ಗಿ, ಯಾವ ಬೆಳಕು ಯಾವ ಪ್ರೋಟೀನಿನದು ಎಂಬುದು ಗೊಂದಲವಾಗುತ್ತದೆ. ರೋಹಿತವನ್ನು ಬಿಡಿಸಿ ಲೆಕ್ಕ ಹಾಕುವ ಕ್ಯಾಮೆರಾಗಳಿಂದ ಈ ಸಂಖ್ಯೆಯನ್ನು ಎಂಟರವರೆಗೆ ಎಳೆಯಬಹುದು. ಅಲ್ಲಿಂದ ಮುಂದೆ ಹೋಗಲು ಬೇರೆಯದೇ ಉಪಾಯ ಬೇಕು.

ಹಾಗಾದರೆ ನಲವತ್ತು ಗುರುತುಗಳನ್ನು ಹೇಗೆ ನೋಡುತ್ತಾರೆ?

ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಸುತ್ತು ಸುತ್ತಾಗಿ ನೋಡುವುದು. ಮೂರೋ ನಾಲ್ಕೋ ಪ್ರತಿಕಾಯಗಳನ್ನು ಹಾಕಿ ಚಿತ್ರ ತೆಗೆದು, ಬಣ್ಣವನ್ನು ರಾಸಾಯನಿಕದಿಂದ ನಂದಿಸಿ, ಅದೇ ಸ್ಲೈಡಿನ ಮೇಲೆ ಮುಂದಿನ ಮೂರು ನಾಲ್ಕನ್ನು ಹಾಕುತ್ತಾರೆ. ಹತ್ತು ಸುತ್ತು ಮುಗಿಯುವ ಹೊತ್ತಿಗೆ ಮೂವತ್ತು ನಲವತ್ತು ಗುರುತುಗಳಾಗಿರುತ್ತವೆ. ಪ್ರತಿ ಸುತ್ತಿನಲ್ಲೂ ಡ್ಯಾಪಿ ಎಂಬ ನೀಲಿ ಬಣ್ಣದಿಂದ ಕೋಶಕೇಂದ್ರಗಳ ಚಿತ್ರ ತೆಗೆಯುತ್ತಾರೆ, ಎಲ್ಲ ಸುತ್ತುಗಳ ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುವುದು ಆ ನೀಲಿ ಚುಕ್ಕೆಗಳ ಆಧಾರದಿಂದಲೇ. ಈ ಬಗೆಯ ವಿಧಾನದಿಂದ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ 61 ಪ್ರೋಟೀನ್‌ಗಳನ್ನು ನೋಡಿದ ಕೆಲಸ 2013ರಲ್ಲಿ ಪ್ರಕಟವಾಯಿತು. ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಪೀಟರ್ ಸಾರ್ಗರ್ ಅವರ ತಂಡ 2015ರಲ್ಲಿ ಸೈಸಿಫ್ ಎಂಬ, ಸಾಮಾನ್ಯ ಸಲಕರಣೆಗಳಿಂದಲೇ ಮಾಡಬಹುದಾದ ರೂಪವನ್ನು ಕೊಟ್ಟಿತು.

ಎರಡನೆಯದರಲ್ಲಿ ಪ್ರತಿಕಾಯಕ್ಕೆ ಬಣ್ಣದ ಬದಲು ಡಿಎನ್ಎಯ ಒಂದು ಚಿಕ್ಕ ಎಳೆಯನ್ನು ಕಟ್ಟುತ್ತಾರೆ. ಎಲ್ಲ ಪ್ರತಿಕಾಯಗಳನ್ನೂ ಒಂದೇ ಸಲ ಹಾಕಿ, ಆಮೇಲೆ ಆಯಾ ಎಳೆಗೆ ಹೊಂದುವ ಬಣ್ಣದ ಎಳೆಗಳನ್ನು ಮೂರು ಮೂರರಂತೆ ಜೋಡಿಸಿ, ಚಿತ್ರ ತೆಗೆದು, ತೊಳೆದು ಮುಂದುವರಿಯುತ್ತಾರೆ. ಸ್ಟ್ಯಾನ್‌ಫರ್ಡ್‌ನ ಗ್ಯಾರಿ ನೋಲನ್ ಅವರ ಪ್ರಯೋಗಾಲಯದಿಂದ 2018ರಲ್ಲಿ ಬಂದ ಕೋಡೆಕ್ಸ್ ಈ ಜಾತಿಯದು.

ಮೂರನೆಯದು ಬೆಳಕನ್ನೇ ಬಿಟ್ಟುಬಿಡುತ್ತದೆ. ಪ್ರತಿಕಾಯಗಳಿಗೆ ಲ್ಯಾಂಥನೈಡ್ ಗುಂಪಿನ ಲೋಹಗಳ ಬೇರೆ ಬೇರೆ ಐಸೋಟೋಪ್‌ಗಳನ್ನು ಕಟ್ಟಿ, ಲೇಸರಿನಿಂದ ಅಂಗಾಂಶವನ್ನು ಒಂದೊಂದು ಮೈಕ್ರೋಮೀಟರ್ ಚುಕ್ಕೆಯಾಗಿ ಆವಿಯಾಗಿಸಿ, ಪ್ರತಿ ಚುಕ್ಕೆಯಲ್ಲಿ ಯಾವ ಲೋಹ ಎಷ್ಟಿದೆ ಎಂದು ದ್ರವ್ಯರಾಶಿಯಿಂದ ಅಳೆಯುವುದು ಇಮೇಜಿಂಗ್ ಮಾಸ್ ಸೈಟೋಮೆಟ್ರಿ. ಲೇಸರಿನ ಬದಲು ಅಯಾನುಗಳ ಕಿರಣ ಬಳಸಿದರೆ ಅದು ಮಿಬಿ. ಎರಡೂ 2014ರಲ್ಲಿ ಬಂದವು. ಲೋಹಗಳ ತೂಕ ಒಂದರೊಡನೊಂದು ಬಣ್ಣಗಳಷ್ಟು ಬೆರೆಯುವುದಿಲ್ಲವಾದ್ದರಿಂದ ಸುಮಾರು ನಲವತ್ತು ಗುರುತುಗಳನ್ನು ಒಂದೇ ಓದಿನಲ್ಲಿ ಪಡೆಯಬಹುದು.

ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಒಳ್ಳೆಯದು?

ನಿಮ್ಮ ಪ್ರಶ್ನೆ ಯಾವುದು ಎಂಬುದರ ಮೇಲೆ ಹೋಗುತ್ತದೆ. ಇಡೀ ಸ್ಲೈಡನ್ನು ನೋಡಬೇಕಾದರೆ ಬೆಳಕಿನ ಸುತ್ತು ವಿಧಾನಗಳೇ ಸರಿ, ಏಕೆಂದರೆ ಲೇಸರ್ ಸೆಕೆಂಡಿಗೆ 200 ಚುಕ್ಕೆಗಳನ್ನು ಆವಿಯಾಗಿಸಿದರೂ ಒಂದು ಚದರ ಮಿಲಿಮೀಟರಿನ ಹತ್ತು ಲಕ್ಷ ಚುಕ್ಕೆಗಳಿಗೆ ಸುಮಾರು ಒಂದೂವರೆ ಗಂಟೆ ಬೇಕು. ಕೋಶದೊಳಗಿನ ಸೂಕ್ಷ್ಮ ರಚನೆ ಬೇಕಾದರೂ ಬೆಳಕೇ ಮೇಲು, ಒಳ್ಳೆಯ ಲೆನ್ಸ್ ಸುಮಾರು 250 ನ್ಯಾನೋಮೀಟರ್ ಅಂತರದ ಎರಡು ಬಿಂದುಗಳನ್ನು ಬೇರ್ಪಡಿಸಬಲ್ಲದು. ಅಂಗಾಂಶ ತಾನೇ ಹೊಳೆಯುವ ತೊಂದರೆ ತೀವ್ರವಾಗಿದ್ದರೆ ಲೋಹದ ದಾರಿ ಹಿತ. ನೂರಾರು ರೋಗಿಗಳಲ್ಲಿ ಐದಾರು ಗುರುತುಗಳನ್ನಷ್ಟೇ ನೋಡಬೇಕಿದ್ದರೆ ನಲವತ್ತರ ಗೋಜಿಗೇ ಹೋಗಬಾರದು. ಆರು ಗುರುತುಗಳ ಚೊಕ್ಕ ಪ್ಯಾನೆಲ್ (ಒಟ್ಟಿಗೆ ಅಳೆಯುವ ಗುರುತುಗಳ ಪಟ್ಟಿ), ಅರೆಬರೆ ಪರೀಕ್ಷಿಸಿದ ನಲವತ್ತಕ್ಕಿಂತ ಹೆಚ್ಚು ಸತ್ಯ ಹೇಳುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

## ಮಾದರಿ ಮತ್ತು ಪ್ರತಿಕಾಯ

ನಾವು ತಾಲೂಕು ಆಸ್ಪತ್ರೆಯಿಂದ ಬಯಾಪ್ಸಿ ಕಳಿಸುವವರು. ನಮ್ಮ ಕಡೆಯಿಂದ ಏನು ಎಚ್ಚರ ವಹಿಸಬೇಕು?

ಎಲ್ಲ ಪ್ರಶ್ನೆಗಳಿಗಿಂತ ಈ ಪ್ರಶ್ನೆಗೆ ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಮೊದಲ ಒಂದು ಗಂಟೆಯಲ್ಲಿ ಕೆಟ್ಟದ್ದನ್ನು ಯಾವ ಯಂತ್ರವೂ ಆಮೇಲೆ ಸರಿಪಡಿಸಲಾರದು. ರಕ್ತ ಸಂಚಾರ ನಿಂತ ಕ್ಷಣದಿಂದ ಅಂಗಾಂಶದ ಕಿಣ್ವಗಳು ತಮ್ಮ ಪ್ರೋಟೀನ್‌ಗಳನ್ನೇ ಕರಗಿಸತೊಡಗುತ್ತವೆ. ಕೋಶದೊಳಗಿನ ಸಂಕೇತಗಳನ್ನು ತೋರಿಸುವ, ಫಾಸ್ಫೇಟ್ ಹೊತ್ತ ಪ್ರೋಟೀನ್‌ಗಳಂತೂ ನಿಮಿಷಗಳಲ್ಲೇ ಬದಲಾಗಬಲ್ಲವು. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿರುವಾಗ ಸಲೈನಿನಲ್ಲಿ ಹಾಕಿದ ಚೂರೊಂದು ಇಂಡಿಯಿಂದಲೋ ಮುಧೋಳದಿಂದಲೋ ಅಥಣಿಯಿಂದಲೋ ಬಸ್ಸಿನಲ್ಲಿ ಬಂದರೆ ಅಲ್ಲಿ ಉಳಿದಿರುವುದು ಅಂಗಾಂಶದ ಆಕಾರವಷ್ಟೇ ಆಗಿರಬಹುದು.

ಸ್ತನ ಕ್ಯಾನ್ಸರಿನ ಹಾರ್ಮೋನು ಪರೀಕ್ಷೆಗಳಿಗೆ ಜಗತ್ತಿನಾದ್ಯಂತ ಒಪ್ಪಿರುವ ನಿಯಮ ಇಲ್ಲಿಗೂ ಒಳ್ಳೆಯ ಆಧಾರ. ತೆಗೆದ ಒಂದು ಗಂಟೆಯೊಳಗೆ ಚೂರು ಫಾರ್ಮಲಿನ್ ಸೇರಬೇಕು, ಮತ್ತು 6 ಗಂಟೆಗಿಂತ ಕಡಿಮೆಯೂ 72 ಗಂಟೆಗಿಂತ ಹೆಚ್ಚೂ ಅದರಲ್ಲಿ ಇರಬಾರದು. ಫಾರ್ಮಲಿನ್ ಅಂದರೆ ಶೇಕಡಾ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್. ಬಾಟಲಿಯ ಗಟ್ಟಿ ದ್ರಾವಣಕ್ಕೆ ನಲ್ಲಿಯ ಅಥವಾ ಬೋರ್‌ವೆಲ್ಲಿನ ನೀರು ಬೆರೆಸಿದ್ದು ಆಗದು, ದಿನ ಕಳೆದಂತೆ ಅದು ಆಮ್ಲೀಯವಾಗಿ ಅಂಗಾಂಶದಲ್ಲಿ ಕಂದು ಕಣಗಳನ್ನು ಬಿಡುತ್ತದೆ. ದ್ರಾವಣ ಚೂರಿನ ಹತ್ತು ಪಟ್ಟಾದರೂ ಇರಬೇಕು. ಇಡೀ ಸ್ತನವನ್ನೋ ನಾಲಗೆಯ ದೊಡ್ಡ ಭಾಗವನ್ನೋ ಹಾಗೆಯೇ ಡಬ್ಬಿಗೆ ತುರುಕಿದರೆ ಫಾರ್ಮಲಿನ್ ಒಳಗೆ ಇಳಿಯುವ ಮೊದಲೇ ನಡುಭಾಗ ಹಾಳಾಗುತ್ತದೆ, ಆದ್ದರಿಂದ ಯಾವ ಅಂಚು ಯಾವ ಕಡೆಯದು ಎಂಬ ಗುರುತು ಕೆಡದಂತೆ ಪೆಥಾಲಜಿಸ್ಟರನ್ನು ಕೇಳಿ ಸೀಳಬೇಕು.

ಇನ್ನೊಂದು ಸಣ್ಣ ಕೆಲಸವಿದೆ. ಚೂರು ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ, ಇವೆರಡನ್ನೂ ಚೀಟಿಯ ಮೇಲೆ ಬರೆಯಿರಿ. ಐದು ವರ್ಷದ ನಂತರ ಆ ಬ್ಲಾಕನ್ನು, ಅಂದರೆ ಚೂರನ್ನು ಹುದುಗಿಸಿದ ಮೇಣದ ಗಟ್ಟಿಯನ್ನು, ಕೈಗೆತ್ತಿಕೊಳ್ಳುವ ಸಂಶೋಧಕನಿಗೆ ಆ ಎರಡು ಸಾಲುಗಳು ಸಾವಿರ ಪಟ್ಟು ಉಪಕಾರ ಮಾಡುತ್ತವೆ.

ಹತ್ತು ವರ್ಷದ ಹಿಂದಿನ ಬ್ಲಾಕ್ ಇದಕ್ಕ ನಡೀತಾವೇನ್ರಿ?

ಬಹುತೇಕ ನಡೆಯುತ್ತವೆ. ಮೇಣದೊಳಗೆ ಪ್ರೋಟೀನ್‌ಗಳು ವರ್ಷಗಟ್ಟಲೆ ಉಳಿಯುತ್ತವೆ, ಕತ್ತರಿಸಿ ಇಟ್ಟ ಸ್ಲೈಡುಗಳಲ್ಲಿ ಮಾತ್ರ ತಿಂಗಳುಗಳಲ್ಲೇ ಕುಂದುತ್ತವೆ, ಆದ್ದರಿಂದ ಕೆಲಸಕ್ಕೆ ಮುನ್ನ ಹೊಸದಾಗಿ ಕತ್ತರಿಸಬೇಕು. ನಮ್ಮ ಮೂರು ಜಿಲ್ಲೆಗಳ ವೈದ್ಯಕೀಯ ಕಾಲೇಜುಗಳ ಪೆಥಾಲಜಿ ವಿಭಾಗಗಳಲ್ಲಿ ಇಂಥ ಬ್ಲಾಕ್‌ಗಳ ದೊಡ್ಡ ಸಂಗ್ರಹವಿದೆ, ಅದು ಈ ಭಾಗದ ಜನರ ರೋಗಚರಿತ್ರೆಯೇ ಹೌದು. ಆದರೆ ಬ್ಲಾಕ್ ಮೊದಲು ರೋಗಿಯ ಪರೀಕ್ಷೆಗಾಗಿ ಇರುವಂಥದ್ದು, ಸಂಶೋಧನೆಗೆಂದು ಅದನ್ನು ಪೂರ್ತಿ ಸವೆಸಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಂತೆ, ಉಳಿಕೆ ಮಾದರಿಯಾದರೂ ಸಂಸ್ಥೆಯ ನೈತಿಕ ಸಮಿತಿಯ ಮುಂದೆ ಹೋಗಲೇಬೇಕು.

ಕಂಪನಿಯವರು ಪರೀಕ್ಷೆ ಮಾಡಿಯೇ ಪ್ರತಿಕಾಯ ಮಾರುತ್ತಾರಲ್ಲ, ನಾವು ಮತ್ತೆ ಪರೀಕ್ಷಿಸಬೇಕೇ?

ಪರೀಕ್ಷಿಸಲೇಬೇಕು. ಫಾರ್ಮಲಿನ್ ಪ್ರೋಟೀನ್‌ಗಳ ನಡುವೆ ಅಡ್ಡಕೊಂಡಿಗಳನ್ನು ಹಾಕಿ ಅವುಗಳ ಆಕಾರವನ್ನು ಮುಚ್ಚಿರುತ್ತದೆ. ಅದನ್ನು ಬಿಡಿಸಲು ಸ್ಲೈಡನ್ನು ಪಿಎಚ್ 6ರ ಸಿಟ್ರೇಟ್ ದ್ರಾವಣದಲ್ಲೋ ಪಿಎಚ್ 9ರ ಟ್ರಿಸ್-ಇಡಿಟಿಎ ದ್ರಾವಣದಲ್ಲೋ ಕುದಿಯುವ ಬಿಂದುವಿನ ಹತ್ತಿರ ಕಾಯಿಸುತ್ತೇವೆ. ಒಂದು ಪ್ರತಿಕಾಯಕ್ಕೆ ಹಿತವಾದದ್ದು ಇನ್ನೊಂದಕ್ಕೆ ಒಗ್ಗದು. ಬೇರೆ ಲ್ಯಾಬಿನಲ್ಲಿ, ಬೇರೆ ರೀತಿ ಕಾಯಿಸಿದ ಅಂಗಾಂಶದ ಮೇಲೆ ಕೆಲಸ ಮಾಡಿದ ಪ್ರತಿಕಾಯ ನಿಮ್ಮಲ್ಲಿ ಸುಮ್ಮನಿರಬಹುದು, ಇಲ್ಲವೇ ಎಲ್ಲೆಂದರಲ್ಲಿ ಅಂಟಬಹುದು.

ಪರೀಕ್ಷೆಗೆ ಅತ್ಯುತ್ತಮ ಅಂಗಾಂಶ ಟಾನ್ಸಿಲ್. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಟಾನ್ಸಿಲ್‌ಗಳು ಸುಲಭವಾಗಿ ಸಿಗುತ್ತವೆ, ಅದರಲ್ಲಿ ಯಾವುದು ಎಲ್ಲಿರಬೇಕು ಎಂಬುದು ಮುಂಚಿತವಾಗಿ ತಿಳಿದಿದೆ. ಬಿ ಕೋಶಗಳ ಗುರುತಾದ ಸಿಡಿ20, ಫಾಲಿಕಲ್ ಎಂಬ ದುಂಡನೆಯ ಬಿ ಕೋಶಗಳ ಗುಂಪುಗಳನ್ನು ತುಂಬಬೇಕು, ಟಿ ಕೋಶಗಳ ಗುರುತಾದ ಸಿಡಿ3 ಮುಖ್ಯವಾಗಿ ಅವುಗಳ ನಡುವಿನ ಜಾಗದಲ್ಲಿರಬೇಕು, ವಿಭಜನೆಯಾಗುತ್ತಿರುವ ಕೋಶಗಳನ್ನು ತೋರಿಸುವ ಕೆಐ-67, ಫಾಲಿಕಲ್ಲಿನ ನಡುಭಾಗವಾದ ಜರ್ಮಿನಲ್ ಸೆಂಟರಿನಲ್ಲಿ ದಟ್ಟವಾಗಿರಬೇಕು, ಸೈಟೋಕೆರಟಿನ್ ಮೇಲ್ಪದರದ ಎಪಿಥೀಲಿಯಮ್ಮಿನಲ್ಲಿ ಬೆಳಗಬೇಕು. ಕೋಶದೊಳಗಿನ ಜಾಗವನ್ನೂ ನೋಡಬೇಕು. ತಡೆ ಹಾಕುವ ಟಿ ಕೋಶಗಳ ಗುರುತಾದ ಫಾಕ್ಸ್‌ಪಿ3 ಕೋಶಕೇಂದ್ರದಲ್ಲಿ ಇರುವಂಥದ್ದು, ಕೊಲ್ಲುವ ಟಿ ಕೋಶಗಳ ಗುರುತಾದ ಸಿಡಿ8 ಕೋಶದ ಹೊರಪೊರೆಯಲ್ಲಿ. ಸಿಡಿ8 ಕೋಶಕೇಂದ್ರದಲ್ಲಿ ಹೊಳೆದರೆ ಚಿತ್ರ ಎಷ್ಟೇ ಸುಂದರವಾಗಿರಲಿ, ಆ ಪ್ರತಿಕಾಯವನ್ನು ಬದಿಗಿಡಿ. ನಿಮ್ಮ ವಿಭಾಗದಲ್ಲಿ ದಿನನಿತ್ಯ ಮಾಡುವ ಕಂದು ಬಣ್ಣದ ಇಮ್ಯುನೋಹಿಸ್ಟೋಕೆಮಿಸ್ಟ್ರಿಯನ್ನು (ಪ್ರತಿಕಾಯದಿಂದ ಪ್ರೋಟೀನನ್ನು ತೋರಿಸುವ ಮಾಮೂಲಿ ಪರೀಕ್ಷೆ) ಪಕ್ಕದ ಪದರದ ಮೇಲೆ ಮಾಡಿ ಹೋಲಿಸುವುದು ಎಲ್ಲಕ್ಕಿಂತ ನಂಬಿಕೆಯ ದಾರಿ.

ಸುತ್ತು ವಿಧಾನದಲ್ಲಿ ಇನ್ನೊಂದು ತೊಡಕಿದೆ. ಮೊದಲ ಸುತ್ತಿನಲ್ಲಿ ಚೆನ್ನಾಗಿ ಕಂಡ ಪ್ರೋಟೀನ್ ಎಂಟನೆಯ ಸುತ್ತಿನ ಹೊತ್ತಿಗೆ ರಾಸಾಯನಿಕಗಳಿಂದ ಸವೆದಿರಬಹುದು. ಆದ್ದರಿಂದ ಪ್ರತಿ ಗುರುತನ್ನೂ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಹಾಕಿ ನೋಡಿ, ಸೂಕ್ಷ್ಮವಾದವನ್ನು ಮೊದಲ ಸುತ್ತುಗಳಿಗೆ ಕಾದಿರಿಸಬೇಕು.

ಪ್ರತಿಕಾಯ ಹಾಕದಿದ್ದರೂ ಸ್ಲೈಡ್ ಹೊಳೆಯುತ್ತಿದೆ. ಏನಾಗಿದೆ?

ಅದು ಅಂಗಾಂಶದ ಸ್ವಂತ ಹೊಳಪು. ಕೊಲಾಜನ್, ಎಲಾಸ್ಟಿನ್, ಕೆಂಪು ರಕ್ತಕಣಗಳು, ವಯಸ್ಸಾದ ಕೋಶಗಳಲ್ಲಿ ಕೂಡುವ ಲಿಪೋಫುಸಿನ್, ಇವೆಲ್ಲ ಬೆಳಕು ಬಿದ್ದಾಗ ತಾವಾಗಿಯೇ ಹೊಳೆಯುತ್ತವೆ, ಫಾರ್ಮಲಿನ್ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅಡಿಕೆ ಜಗಿಯುವವರಲ್ಲಿ ಬಾಯಿ ಬಿಗಿದುಕೊಳ್ಳುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ನಲ್ಲಿ ಒಳಪದರದ ತುಂಬ ಕೊಲಾಜನ್ ದಟ್ಟೈಸಿರುವುದರಿಂದ ನಮ್ಮ ಭಾಗದ ಮಾದರಿಗಳಲ್ಲಿ ಈ ತೊಂದರೆಗೆ ಸಿದ್ಧರಾಗಿಯೇ ಇರಬೇಕು. ಈ ಹೊಳಪು ನೀಲಿ-ಹಸಿರು ಕಡೆ ಹೆಚ್ಚು, 650 ನ್ಯಾನೋಮೀಟರಿನಿಂದ ಆಚೆಯ ಕೆಂಪಿನಲ್ಲಿ ಕಡಿಮೆ. ಆದ್ದರಿಂದ ಮಂದವಾದ ಗುರುತುಗಳಿಗೆ ಕಡುಕೆಂಪು ಬಣ್ಣಗಳನ್ನೂ ಗಾಢವಾದವಕ್ಕೆ ಹಸಿರನ್ನೂ ಕೊಡುವುದು ವಾಡಿಕೆ. ಪ್ರತಿಕಾಯ ಹಾಕುವ ಮೊದಲು ಒಂದು ಖಾಲಿ ಚಿತ್ರ ತೆಗೆದಿಟ್ಟುಕೊಂಡರೆ ಆಮೇಲೆ ಅದನ್ನು ಕಳೆಯಬಹುದು.

## ಚಿತ್ರದಿಂದ ನಕ್ಷೆಗೆ

ಒಂದು ಕೋಶ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ?

ಪೂರ್ತಿಯಾಗಿ ಗೊತ್ತಾಗುವುದಿಲ್ಲ, ಇಡೀ ವಿಧಾನದ ಅತ್ಯಂತ ದುರ್ಬಲ ಕೊಂಡಿ ಇದೇ. ಸ್ಟಾರ್‌ಡಿಸ್ಟ್, ಸೆಲ್‌ಪೋಸ್, ಮೆಸ್ಮರ್ ಮುಂತಾದ ಉಚಿತ ತಂತ್ರಾಂಶಗಳು ಮನುಷ್ಯರು ಗಡಿ ಎಳೆದುಕೊಟ್ಟ ಅಪಾರ ಸಂಖ್ಯೆಯ ಕೋಶಗಳಿಂದ ಕಲಿತು, ಹೊಸ ಚಿತ್ರದಲ್ಲಿ ಮೊದಲು ಕೋಶಕೇಂದ್ರವನ್ನೂ ನಂತರ ಹೊರಪೊರೆಯ ಗುರುತುಗಳ ಸಹಾಯದಿಂದ ಕೋಶದ ಅಂಚನ್ನೂ ಗುರುತಿಸುತ್ತವೆ. ಬಿಡಿಬಿಡಿಯಾಗಿರುವ ಕೋಶಗಳಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ದುಗ್ಧಗ್ರಂಥಿಯಲ್ಲಿ ಲಿಂಫೋಸೈಟ್‌ಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ರೋಗಾಣುಗಳನ್ನೂ ಸತ್ತ ಕೋಶಗಳನ್ನೂ ನುಂಗುವ ಮ್ಯಾಕ್ರೋಫೇಜ್‌ಗಳು ತಮ್ಮ ತೋಳುಗಳನ್ನು ನಾಲ್ಕಾರು ಕೋಶಗಳ ಆಚೆಗೂ ಚಾಚಿರುತ್ತವೆ. ಕತ್ತರಿಸಿದ ಪದರದ ದಪ್ಪ ಕೋಶದ ವ್ಯಾಸಕ್ಕಿಂತ ಕಡಿಮೆ ಇರುವುದರಿಂದ ನಾವು ನೋಡುತ್ತಿರುವುದು ಎಷ್ಟೋ ಸಲ ಕೋಶದ ಚೂರುಗಳನ್ನು.

ಇದರ ಫಲವಾಗಿ ಒಂದು ಕೋಶದ ಬೆಳಕು ಪಕ್ಕದ ಕೋಶದ ಲೆಕ್ಕಕ್ಕೆ ಸೇರುತ್ತದೆ. ಸಿಡಿ3 ಮತ್ತು ಸಿಡಿ20 ಎರಡನ್ನೂ ಹೊತ್ತ ಕೋಶಗಳು ನಿಮ್ಮ ಪಟ್ಟಿಯಲ್ಲಿ ರಾಶಿಯಾಗಿ ಕಂಡರೆ ಹೊಸ ಬಗೆಯ ಕೋಶ ಸಿಕ್ಕಿತೆಂದು ಹಿಗ್ಗುವ ಮೊದಲು ಚಿತ್ರಕ್ಕೆ ಹಿಂದಿರುಗಿ. ಬಹುಪಾಲು ಅಲ್ಲಿ ಒಂದು ಟಿ ಕೋಶವೂ ಒಂದು ಬಿ ಕೋಶವೂ ಮೈಗೆ ಮೈ ತಾಗಿಸಿಕೊಂಡು ಕುಳಿತಿರುತ್ತವೆ. ಅಂಕಿಗಳ ಕೋಷ್ಟಕ ಕೈಗೆ ಬಂದ ಮೇಲೆ ಚಿತ್ರವನ್ನು ಮರೆಯುವುದು ಈ ಕ್ಷೇತ್ರದ ದೊಡ್ಡ ಅಪಾಯ, ಪೆಥಾಲಜಿಸ್ಟರ ಕಣ್ಣು ಇಲ್ಲಿ ಕೊನೆಯವರೆಗೂ ಬೇಕು.

ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಆಗುತ್ತದೆಯೇ?

ಕಲಿಯಲು ಆಗುತ್ತದೆ. ಒಂದು ಚದರ ಸೆಂಟಿಮೀಟರನ್ನು ಅರ್ಧ ಮೈಕ್ರೋಮೀಟರ್ ಪಿಕ್ಸೆಲ್ಲಿನಲ್ಲಿ ತೆಗೆದರೆ 40 ಕೋಟಿ ಪಿಕ್ಸೆಲ್, ಪ್ರತಿಯೊಂದಕ್ಕೆ ಎರಡು ಬೈಟ್, ಅಂದರೆ ಒಂದು ಗುರುತಿಗೆ 0.8 ಗಿಗಾಬೈಟ್, ನಲವತ್ತಕ್ಕೆ 32 ಗಿಗಾಬೈಟ್. ಹತ್ತು ರೋಗಿಗಳಾದರೆ ಒಳ್ಳೆಯ ವರ್ಕ್‌ಸ್ಟೇಷನ್ನೂ ಎರಡು ಕಡೆ ಉಳಿಸಿಟ್ಟ ಪ್ರತಿಯೂ ಬೇಕು. ಕ್ಯುಪಾತ್ ಎಂಬ ಉಚಿತ ತಂತ್ರಾಂಶ ದೊಡ್ಡ ಚಿತ್ರದ ಬೇಕಾದ ಭಾಗವನ್ನಷ್ಟೇ ತೆರೆಯುವುದರಿಂದ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಅಭ್ಯಾಸ ಮಾಡಬಹುದು. ಮನುಷ್ಯನ ದೇಹದ ಕೋಶಗಳ ನಕ್ಷೆ ತಯಾರಿಸುವ ಅಮೆರಿಕದ ಹಬ್‌ಮ್ಯಾಪ್ ಯೋಜನೆ ತನ್ನ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟಿದೆ. ಪೈಥಾನ್ ಬಲ್ಲ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲ್ಯಾಬ್ ಇಲ್ಲದೆಯೂ ಇವತ್ತೇ ಆರಂಭಿಸಬಹುದು, ಜೊತೆಗೆ ಒಬ್ಬ ಪೆಥಾಲಜಿಸ್ಟರ ಸ್ನೇಹವನ್ನು ಸಂಪಾದಿಸಿಕೊಳ್ಳಲಿ.

ಕೋಶಗಳ ‘ನೆರೆಹೊರೆ’ ಅನ್ನುತ್ತಾರಲ್ಲ, ಅದನ್ನು ಲೆಕ್ಕ ಹಾಕುವುದು ಹೇಗೆ?

ಒಂದು ಕೋಶವನ್ನು ಹಿಡಿದು, ಅದಕ್ಕೆ ಅತಿ ಹತ್ತಿರದ ಹತ್ತು ಕೋಶಗಳು ಯಾವ ಯಾವ ಬಗೆಯವು ಎಂದು ಬರೆದುಕೊಳ್ಳುತ್ತಾರೆ. ಹೀಗೆ ಪ್ರತಿಯೊಂದು ಕೋಶಕ್ಕೂ ಒಂದು ಪಟ್ಟಿ ಸಿದ್ಧವಾಗುತ್ತದೆ. ಒಂದೇ ತೆರನ ಪಟ್ಟಿಗಳಿರುವ ಕೋಶಗಳನ್ನು ಗುಂಪು ಮಾಡಿದರೆ ಅಂಗಾಂಶ ಕೆಲವೇ ಬಗೆಯ ವಲಯಗಳಾಗಿ ತೆರೆದುಕೊಳ್ಳುತ್ತದೆ: ಗಡ್ಡೆಯ ಒಡಲು, ಟಿ ಕೋಶಗಳು ತುಂಬಿದ ಜಾಗ, ಬಿ ಕೋಶಗಳ ಫಾಲಿಕಲ್, ಗ್ರ್ಯಾನುಲೋಸೈಟ್ ಎಂಬ ಬಿಳಿ ರಕ್ತಕಣಗಳ ತಾಣ, ಹೀಗೆ. ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 35 ರೋಗಿಗಳಲ್ಲಿ 56 ಗುರುತುಗಳನ್ನು ಕೋಡೆಕ್ಸ್‌ನಿಂದ ಅಳೆದ 2020ರ ಅಧ್ಯಯನದಲ್ಲಿ, ಗ್ರ್ಯಾನುಲೋಸೈಟ್‌ಗಳ ವಲಯದೊಳಗೆ ಪಿಡಿ-1 ಎಂಬ ಪ್ರೋಟೀನ್ ಹೊತ್ತ ಸಿಡಿ4 ಬಗೆಯ ಟಿ ಕೋಶಗಳು ಇದ್ದುದಕ್ಕೂ ಅಧಿಕ ಅಪಾಯದ ಗುಂಪಿನ ರೋಗಿಗಳು ಹೆಚ್ಚು ಕಾಲ ಬದುಕಿದ್ದಕ್ಕೂ ನಂಟು ಕಂಡುಬಂತು.

ಎರಡು ಬಗೆಯ ಕೋಶಗಳು ಹತ್ತಿರ ಇವೆ ಎನ್ನುವ ಮೊದಲು ಅದು ಆಕಸ್ಮಿಕವೋ ಎಂದು ಕೇಳಿಕೊಳ್ಳಬೇಕು. ಕೋಶಗಳ ಜಾಗವನ್ನು ಹಾಗೆಯೇ ಬಿಟ್ಟು ಅವುಗಳ ಹೆಸರುಗಳನ್ನು ಸಾವಿರ ಸಲ ಕಲಸಿ, ಕಲಸಿದ ನಕ್ಷೆಗಳಲ್ಲೂ ಅಷ್ಟೇ ಹತ್ತಿರ ಬರುತ್ತವೆಯೇ ಎಂದು ಹೋಲಿಸುವುದು ರೂಢಿ. ಇಡೀ ಸ್ಲೈಡಿನಲ್ಲಿ ಕಲಸಿದರೆ ಟಿ ಕೋಶಗಳೆಲ್ಲ ಒಂದೆಡೆ ಇರುವುದರಿಂದಲೇ ಎಲ್ಲವೂ ಅರ್ಥಪೂರ್ಣವಾಗಿ ಕಾಣಬಹುದು, ಆದ್ದರಿಂದ ಗಡ್ಡೆಯೊಳಗೆ ಬೇರೆ, ಸುತ್ತಲಿನ ಅಂಗಾಂಶದಲ್ಲಿ ಬೇರೆ ಕಲಸುವುದು ಲೇಸು.

ನಮ್ಮ ಬಳಿ ಐದು ಲಕ್ಷ ಕೋಶಗಳ ದತ್ತಾಂಶ ಇದೆ, ಸ್ಯಾಂಪಲ್ ಸೈಜ್ ಸಾಲದು ಅಂತ ಗೈಡ್ ಹೇಳುತ್ತಾರೆ. ಯಾಕೆ?

ಐದು ಲಕ್ಷ ಕೋಶಗಳು ಆರು ರೋಗಿಗಳಿಂದ ಬಂದಿದ್ದರೆ ನಿಮ್ಮ ಸ್ಯಾಂಪಲ್ ಸೈಜ್ ಆರು. ಒಬ್ಬ ರೋಗಿಯ ಕೋಶಗಳೆಲ್ಲ ಒಂದೇ ದೇಹದವು, ಒಂದೇ ಚೂರಿನವು, ಒಂದೇ ದಿನ ಬಣ್ಣ ಹಾಕಿದವು. ಅವನ್ನು ಪರಸ್ಪರ ಸಂಬಂಧವಿಲ್ಲದವೆಂದು ಎಣಿಸಿದರೆ ಎಂಥ ಸಣ್ಣ ವ್ಯತ್ಯಾಸಕ್ಕೂ ಅತಿ ಸಣ್ಣ ಪಿ ಮೌಲ್ಯ (ಬರೀ ಆಕಸ್ಮಿಕವಾಗಿ ಅಂಥ ವ್ಯತ್ಯಾಸ ಬರುವ ಸಂಭವ) ಬಂದು ದಾರಿ ತಪ್ಪಿಸುತ್ತದೆ. ಪ್ರತಿ ರೋಗಿಗೆ ಒಂದು ಅಂಕಿಯನ್ನು ತೆಗೆದು ರೋಗಿಗಳನ್ನು ಹೋಲಿಸಿ, ಇಲ್ಲವೇ ರೋಗಿಯನ್ನು ಪ್ರತ್ಯೇಕ ಹಂತವಾಗಿ ಗಣಿಸುವ ಮಿಶ್ರ ಮಾದರಿಗಳನ್ನು ಬಳಸಿ. ಎಲ್ಲ ರೋಗಗ್ರಸ್ತ ಮಾದರಿಗಳನ್ನು ಒಂದು ದಿನ, ಆರೋಗ್ಯವಂತ ಮಾದರಿಗಳನ್ನು ಇನ್ನೊಂದು ದಿನ ಮಾಡಿದ್ದರೆ ಯಾವ ಲೆಕ್ಕವೂ ನೆರವಿಗೆ ಬಾರದು. ಪ್ರತಿ ಸರದಿಯಲ್ಲೂ ಎರಡೂ ಬಗೆ ಇರಲಿ, ಒಂದೇ ಟಾನ್ಸಿಲ್ ಬ್ಲಾಕಿನ ಒಂದು ಪದರವೂ ಇರಲಿ. ನಿಮ್ಮ ಗೈಡ್ ಹೇಳಿದ್ದು ಸರಿ.

## ಮುಂದುವರಿದವರಿಗೆ

ಇದು ಬರೀ ಕ್ಯಾನ್ಸರಿಗೆ ಮಾತ್ರವೇ? ಕ್ಷಯಕ್ಕೂ ಉಪಯೋಗ ಇದೆಯೇ?

ಇದೆ. ಕ್ಷಯದ ಬ್ಯಾಕ್ಟೀರಿಯಾ ಸೇರಿದ ಜಾಗದಲ್ಲಿ ಮ್ಯಾಕ್ರೋಫೇಜ್‌ಗಳೂ ಟಿ ಕೋಶಗಳೂ ಸುತ್ತುಗಟ್ಟಿ ಗ್ರ್ಯಾನುಲೋಮಾ ಎಂಬ ಗಂಟನ್ನು ಕಟ್ಟುತ್ತವೆ. ನಡುವೆ ಸತ್ತ ಅಂಗಾಂಶ, ಸುತ್ತ ಮ್ಯಾಕ್ರೋಫೇಜ್‌ಗಳು, ಹೊರಗೆ ಲಿಂಫೋಸೈಟ್‌ಗಳು: ಜಾಗವೇ ಇದರ ಲಕ್ಷಣ. ಮಿಬಿಯಿಂದ ಮನುಷ್ಯರ ಗ್ರ್ಯಾನುಲೋಮಾಗಳನ್ನು ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಒಳಗಿನ ಮ್ಯಾಕ್ರೋಫೇಜ್‌ಗಳು ಐಡಿಒ1 ಮತ್ತು ಪಿಡಿ-ಎಲ್1 ಎಂಬ, ಟಿ ಕೋಶಗಳ ಕೈಕಟ್ಟುವ ಎರಡು ಪ್ರೋಟೀನ್‌ಗಳನ್ನು ಒಟ್ಟಿಗೆ ಹೊತ್ತಿರುವುದನ್ನು ತೋರಿಸಿತು. ಕ್ಷಯ ಇಂದಿಗೂ ಮನೆಮನೆಯ ಮಾತಾಗಿರುವ ನಾಡಿನಲ್ಲಿ, ದುಗ್ಧಗ್ರಂಥಿಯ ಕ್ಷಯದ ಬ್ಲಾಕ್‌ಗಳು ಕಪಾಟುಗಳಲ್ಲಿ ತುಂಬಿರುವಾಗ, ಈ ಕೆಲಸವನ್ನು ನಮ್ಮವರು ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಬಹುದಿನದ ಹಂಬಲ.

ಪ್ರೋಟೀನ್ ಬಿಟ್ಟು ಆರ್‌ಎನ್‌ಎ ನೋಡಿದರೆ ಹೆಚ್ಚು ಮಾಹಿತಿ ಸಿಗುವುದಿಲ್ಲವೇ?

ಸಂಖ್ಯೆಯಲ್ಲಿ ಹೆಚ್ಚು ಸಿಗುತ್ತದೆ. ಮರ್‌ಫಿಶ್ ಎಂಬ 2015ರ ವಿಧಾನವೂ, ಅಂಗಾಂಶದ ಚುಕ್ಕೆ ಚುಕ್ಕೆಯ ಆರ್‌ಎನ್‌ಎಯನ್ನು ಓದುವ 2016ರ ವಿಧಾನವೂ ನೂರಾರು, ಸಾವಿರಾರು ಜೀನುಗಳನ್ನು ಜಾಗಸಹಿತ ತೋರಿಸುತ್ತವೆ. ಆದರೆ ಆರ್‌ಎನ್‌ಎ ಇದ್ದಷ್ಟೇ ಪ್ರಮಾಣದಲ್ಲಿ ಪ್ರೋಟೀನ್ ಇರುವುದಿಲ್ಲ, ಔಷಧಗಳು ಹಿಡಿಯುವುದು ಹೆಚ್ಚಾಗಿ ಪ್ರೋಟೀನನ್ನು, ಮತ್ತು ಹಳೆಯ ಬ್ಲಾಕ್‌ಗಳಲ್ಲಿ ಆರ್‌ಎನ್‌ಎ ತುಂಡಾಗಿರುತ್ತದೆ. ಏನು ಹುಡುಕಬೇಕೆಂದು ತಿಳಿಯದಿದ್ದಾಗ ಆರ್‌ಎನ್‌ಎಯಿಂದ ಆರಂಭಿಸಿ, ತಿಳಿದ ಮೇಲೆ ಹೆಚ್ಚು ರೋಗಿಗಳಲ್ಲಿ ಪ್ರೋಟೀನಿನಿಂದ ಖಚಿತಪಡಿಸುವುದು ಒಳ್ಳೆಯ ಕ್ರಮ.

ಕೋಟಿ ರೂಪಾಯಿಯ ಯಂತ್ರ ಇಲ್ಲದೆ ನಮ್ಮ ಕಾಲೇಜಿನಲ್ಲಿ ಇದನ್ನು ಶುರು ಮಾಡಬಹುದೇ?

ಮಾಡಬಹುದು. ನಾಲ್ಕು ಫಿಲ್ಟರ್‌ಗಳ ಪ್ರತಿದೀಪ್ತಿ ಮೈಕ್ರೋಸ್ಕೋಪು, ಸೂಕ್ಷ್ಮ ಕ್ಯಾಮೆರಾ, ಸಾಧ್ಯವಾದರೆ ತಾನಾಗಿ ಚಲಿಸುವ ಸ್ಟೇಜ್, ಇಷ್ಟಿದ್ದರೆ ಸುತ್ತು ವಿಧಾನ ಕೈಗೆಟಕುತ್ತದೆ. ಸೈಸಿಫ್‌ನಲ್ಲಿ ಬಣ್ಣ ನಂದಿಸಲು ಬೇಕಾದದ್ದು ಶೇಕಡಾ 4.5ರಷ್ಟು ಹೈಡ್ರೋಜನ್ ಪೆರಾಕ್ಸೈಡ್, ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್, ಮತ್ತು ಪ್ರಖರವಾದ ಬಿಳಿ ಬೆಳಕು. 2020ರಲ್ಲಿ ಬಂದ ಐಬೆಕ್ಸ್ ವಿಧಾನ ಲಿಥಿಯಂ ಬೋರೋಹೈಡ್ರೈಡ್ ಬಳಸುತ್ತದೆ, ಅದು ನೀರಿನೊಡನೆ ಸೇರಿ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನು ಬಿಡುವುದರಿಂದ ಅನಿಲವನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ ಮುಟ್ಟಬಾರದು.

ಖರ್ಚು ಹೆಚ್ಚಾಗಿ ಬೀಳುವುದು ಪ್ರತಿಕಾಯಗಳ ಮೇಲೆ, ಅವು ದಾರಿಯಲ್ಲಿ ಬಿಸಿಯಾಗದಂತೆ, ಕರೆಂಟು ಹೋದಾಗ ಫ್ರಿಜ್ 4 ಡಿಗ್ರಿ ದಾಟದಂತೆ ಕಾಯ್ದುಕೊಳ್ಳಬೇಕು. ಮೊದಲ ಯೋಜನೆಯಾಗಿ ನಾಲ್ಕು ಸುತ್ತು, ಎಂಟು ಗುರುತು, ಒಂದು ಟಾನ್ಸಿಲ್, ಕೆಲವೇ ಬಾಯಿ ಕ್ಯಾನ್ಸರ್ ಮಾದರಿಗಳು ಸಾಕು: ಸೈಟೋಕೆರಟಿನ್, ಸಿಡಿ3, ಸಿಡಿ8, ಸಿಡಿ20, ಮ್ಯಾಕ್ರೋಫೇಜ್‌ಗಳ ಗುರುತಾದ ಸಿಡಿ68, ಫಾಕ್ಸ್‌ಪಿ3, ಪಿಡಿ-ಎಲ್1, ಕೆಐ-67. ಸುತ್ತು ಸುತ್ತಿಗೆ ಸ್ಲೈಡಿನಿಂದ ಅಂಗಾಂಶ ಕಿತ್ತುಹೋಗುವುದು ಆರಂಭದ ದೊಡ್ಡ ತಲೆನೋವು. ಧನ ಆವೇಶ ಹಚ್ಚಿದ ಸ್ಲೈಡ್, ಕಾಯಿಸುವ ಮುನ್ನ ಸಾಕಷ್ಟು ಹೊತ್ತು ಒಣಗಿಸುವುದು, ಕವರ್‌ಸ್ಲಿಪ್ಪನ್ನು ಎಳೆಯದೆ ಬಫರಿನಲ್ಲಿ ತಾನಾಗಿ ಜಾರಲು ಬಿಡುವುದು, ಈ ಮೂರರಿಂದ ಬಹಳ ಮಟ್ಟಿಗೆ ತಪ್ಪುತ್ತದೆ.

ಅಂಗಾಂಶ ಮೂರು ಆಯಾಮದ್ದು, ನಾವು ನೋಡುವುದು ತೆಳು ಪದರ. ನಕ್ಷೆಯನ್ನು ನಂಬಬಹುದೇ?

ಕೋಶದ ಬಗೆಗಳ ಪ್ರಮಾಣವನ್ನು, ಹತ್ತಿರದ ನೆರೆಹೊರೆಯನ್ನು ಬಹುಮಟ್ಟಿಗೆ ನಂಬಬಹುದು, ದೊಡ್ಡ ರಚನೆಗಳ ವಿಷಯದಲ್ಲಿ ಎಚ್ಚರ ಬೇಕು. ಸಾರ್ಗರ್ ಅವರ ತಂಡ ದೊಡ್ಡ ಕರುಳಿನ ಕ್ಯಾನ್ಸರಿನ ಸಾಲು ಪದರಗಳನ್ನು ಜೋಡಿಸಿ ಮೂರು ಆಯಾಮದ ನಕ್ಷೆಯನ್ನು 2023ರಲ್ಲಿ ಪ್ರಕಟಿಸಿತು. ಒಂದೇ ಪದರದಲ್ಲಿ ಬಿಡಿಬಿಡಿ ದ್ವೀಪಗಳಂತೆ ಕಂಡ ರೋಗನಿರೋಧಕ ಕೋಶಗಳ ಗುಂಪುಗಳು ಆಳದಲ್ಲಿ ಒಂದಕ್ಕೊಂದು ಕೂಡಿಕೊಂಡು ದೊಡ್ಡ ಜಾಲಗಳಾಗಿದ್ದವು. ಒಬ್ಬ ರೋಗಿಯ ಗಡ್ಡೆಯಲ್ಲಿ ಇಂಥ ಗುಂಪುಗಳು ಎಷ್ಟು ಎಂದು ಒಂದು ಪದರದಿಂದ ಎಣಿಸಿ ಬರೆಯುವವರು ಇದನ್ನು ಗಮನದಲ್ಲಿಡಬೇಕು. ಗಡ್ಡೆಯ ಒಂದು ಮಿಲಿಮೀಟರ್ ಅಗಲದ ತುಣುಕುಗಳನ್ನು ಸಾಲಾಗಿ ಜೋಡಿಸಿದ ಟಿಶ್ಯೂ ಮೈಕ್ರೋಅರೇಯಲ್ಲಂತೂ ಇಡೀ ಗಡ್ಡೆಯ ಗಡಿಯೇ ಸಿಗದಿರಬಹುದು. ಹತ್ತಿಪ್ಪತ್ತು ಪದರಗಳಿಗೆಲ್ಲ ನಲವತ್ತು ಗುರುತು ಹಾಕುವ ಶಕ್ತಿ ಇಲ್ಲದವರು ಒಂದು ಪದರವನ್ನು ಪೂರ್ಣವಾಗಿ ಮಾಡಿ, ಅದರ ಮೇಲಿನ ಮತ್ತು ಕೆಳಗಿನ ಪದರಗಳಿಗೆ ಹಿಮಟಾಕ್ಸಿಲಿನ್-ಇಯೋಸಿನ್ ಹಾಕಿ ನೋಡಿದರೆ, ಅಂಚಿನಲ್ಲಿ ಕಂಡ ರಚನೆ ಆಳಕ್ಕೆ ಮುಂದುವರಿದಿದೆಯೋ ಅಲ್ಲಿಗೇ ನಿಂತಿದೆಯೋ ಎಂಬುದಾದರೂ ತಿಳಿಯುತ್ತದೆ.